ಓನರಮ್ಮನ ಹೇರಳೆಕಾಯಿ ಗೊಜ್ಜು

ನಮ್ಮ ಓನರಮ್ಮನ ಬಾಯಿಗಿಂತ ಕಹಿಯಾದದ್ದು ಇಡೀ ಲಗ್ಗೆರೆ ಬಡಾವಣೆಯಲ್ಲಿ ಒಂದೇ ಒಂದಿದೆ. ಅದು ಅವರೇ ಮಾಡುವ ಹೇರಳೆಕಾಯಿ ಗೊಜ್ಜು! ಎರಡರಲ್ಲಿ ಯಾವುದು ಯಾವುದಕ್ಕೆ ಗುರು ಎಂಬ ಬಗ್ಗೆ ನಮ್ಮ ಬಿಲ್ಡಿಂಗಿನ ಬಾಡಿಗೆದಾರರಲ್ಲಿ ಒಮ್ಮತವಿಲ್ಲ. ಗೊಜ್ಜು ತಿಂದೂ ತಿಂದೂ ಬಾಯಿ ಹಾಗಾಯಿತು ಎನ್ನುವುದು ಕೆಳಗಿನ ಕೋಣೆಯ ಹುಡುಗನ ವಾದ. ಇಲ್ಲ, ಬೈದೂ ಬೈದೂ ಆ ಕಹಿ ಕೈಗಿಳಿಯಿತು ಎನ್ನುವುದು ನನ್ನ ಗಂಡನ ವಾದ. ನಾನು ಎರಡನ್ನೂ ಹೊಟ್ಟೆತುಂಬ ಉಂಡವಳು. ಉಂಡವರು ತೀರ್ಪು ಕೊಡಬಾರದು.

ನಾವು ರಾಣೆಬೆನ್ನೂರಿನ ಕಡೆಯವರು. ಗಂಡನಿಗೆ ಪೀಣ್ಯದಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸ. ನನಗೆ ಅದೇ ರಸ್ತೆಯ ಇನ್ನೊಂದು ಸಣ್ಣ ಯೂನಿಟ್ಟಿನಲ್ಲಿ ಬಿಲ್ ಮಾಡುವ ಕೆಲಸ. ಮದುವೆಯಾದ ಹೊಸದರಲ್ಲಿ ಮನೆ ಹುಡುಕುತ್ತ ಬಂದಾಗ, ಗೇಟಿನ ಹಿಂದೆ ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು, ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದರು. ನಮ್ಮನ್ನು ಕಂಡು ಪೈಪನ್ನು ಪಕ್ಕಕ್ಕೆ ತಿರುಗಿಸಲಿಲ್ಲ. ಕಾಲು ತೋಯಿಸಿಕೊಂಡೇ ಸಂದರ್ಶನ ಶುರುವಾಯಿತು.

"ಯಾವೂರು?"

"ರಾಣೆಬೆನ್ನೂರ್ರಿ."

"ಉಬ್ಬಳ್ಳೀನಾ?"

"ಅಲ್ರಿ ಆಂಟಿ, ರಾಣೆಬೆನ್ನೂರು."

"ಅದೇ, ಉಬ್ಬಳ್ಳಿ."

ಅವರ ಭೂಗೋಳದಲ್ಲಿ ತುಮಕೂರು ದಾಟಿದರೆ ಸಿಗುವುದೆಲ್ಲ ಹುಬ್ಬಳ್ಳಿ. ಕೆಳಗಿನ ಕೋಣೆಯ ಹುಡುಗ ಬೀದರಿನವನು, ಅವನೂ ಉಬ್ಬಳ್ಳಿ. ಒಮ್ಮೆ ಮೇಲಿನ ಮನೆಗೆ ಬಂದಿದ್ದ ಒಡಿಶಾದ ಗಂಡಹೆಂಡಿರನ್ನು ಪಕ್ಕದ ಮನೆಯವರಿಗೆ ಪರಿಚಯಿಸುತ್ತ, "ಇವ್ರು ಉಬ್ಬಳ್ಳಿಯಿಂದ ಇನ್ನೂ ಒಸಿ ಮುಂದಕ್ಕೆ" ಅಂದಿದ್ದರು!

ಆಮೇಲೆ ರೂಲ್ಸು ಬಂದವು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಟೆರೇಸಿನಲ್ಲಿ ಹಪ್ಪಳ ಒಣಗಿಸುವಂತಿಲ್ಲ. ಮೆಟ್ಟಿಲಲ್ಲಿ ಕೂರುವಂತಿಲ್ಲ. ಮೋಟರ್ ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಎನ್ನುವುದು ಅವರಿಗೂ ದೇವರಿಗೂ ಬಿಟ್ಟದ್ದು. ಎಲ್ಲ ಹೇಳಿ ಮುಗಿಸಿ ಕೊನೆಗೆ, "ಅಬ್ಬದ್ ದಿನ ನಾನು ಗೊಜ್ಜು ಮಾಡಿ ಕೊಡ್ತೀನಿ. ತಿನ್ನಬೇಕು" ಅಂದರು.

ಈ ಊರಿನಲ್ಲಿ ಹಬ್ಬದ ದಿನ ಬಾಡಿಗೆಯವರ ಮನೆಗೆ ಅಡುಗೆ ಕೊಟ್ಟು ಕಳಿಸುವ ಓನರ್! ನನಗೆ ಕಣ್ಣು ತುಂಬಿ ಬಂತು. "ಬಾಯಿ ಜೋರು, ಖರೆ. ಆದ್ರ ಮನಸ್ಸು ಎಷ್ಟು ದೊಡ್ಡದು ನೋಡ್ರಿ" ಎಂದು ಗಂಡನಿಗೆ ಹೇಳಿದೆ. ಎಂಥ ಮುಗ್ಧೆ ನಾನು!

ಹೇರಳೆಕಾಯಿಯನ್ನು ನೋಡದವರಿಗೆ ಹೇಳುತ್ತೇನೆ. ಒಂದು ನಿಂಬೆಹಣ್ಣು ಯಾರ ಮೇಲೋ ಸಿಟ್ಟಾಗಿ, ಆ ಸಿಟ್ಟನ್ನು ಹೊರಗೆ ಹಾಕಲಾರದೆ ಊದಿಕೊಂಡರೆ ಹೇಗಿರುತ್ತದೆಯೋ ಹಾಗಿರುತ್ತದೆ. ಸಿಪ್ಪೆ ದಪ್ಪ, ರಸ ಹುಳಿ, ಸಿಪ್ಪೆಗೂ ತೊಳೆಗೂ ನಡುವಿನ ಬಿಳಿಯ ಭಾಗ ಕಹಿ. ನಮ್ಮ ಬಿಲ್ಡಿಂಗಿನ ಹಿಂದೆ, ನೀರಿನ ಸಂಪಿನ ಪಕ್ಕದಲ್ಲಿ ಇದರ ಗಿಡವೊಂದಿದೆ. ಈ ಜಾಗವೆಲ್ಲ ಹೊಲವಾಗಿದ್ದ ಕಾಲದ್ದಂತೆ. ಸುತ್ತಲೂ ಕಾಂಕ್ರೀಟು ಬಂದು ಕತ್ತು ಹಿಸುಕಿದರೂ ಅದು ಮುಳ್ಳು ಚಾಚಿಕೊಂಡು ನಿಂತಿದೆ. ಅದನ್ನು ಕಡಿದು ಒಂದು ಅಂಗಡಿ ಮಳಿಗೆ ಕಟ್ಟೋಣ ಎಂದು ಅವರ ಯಜಮಾನರು ಒಮ್ಮೆ ಬಾಯಿಬಿಟ್ಟರಂತೆ. ಅಂದಿನಿಂದ ಆ ಮನುಷ್ಯ ಬಾಯಿಬಿಟ್ಟದ್ದನ್ನು ನಾನು ನೋಡಿಲ್ಲ. ಊಟಕ್ಕೆ ಬಿಡುತ್ತಾರೆಂದು ಊಹೆ.

ನಾವು ಬಂದ ವರ್ಷದ ಗೌರಿ ಹಬ್ಬಕ್ಕೆ ಮುಂಚೆ ಕೆಳಗಿನಿಂದ ಕೂಗು ಬಂತು. "ಏಯ್ ಉಬ್ಬಳ್ಳಿಯೋಳೇ! ಕೈ ಕಾಲಿ ಐತಾ?" ಕೆಲಸಕ್ಕೆ ರಜೆ ಹಾಕಿ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಹೋದೆ.

"ಕೂತ್ಕೋ. ಏನೂ ಕಷ್ಟದ್ದಲ್ಲ ಇದು. ಸಲೀಸು" ಅಂದರು.

ಸಲೀಸಾದ ಆ ಕೆಲಸದಲ್ಲಿ ಅವರದು ಬಾಯಿ, ನನ್ನದು ಕೈ. ಕಾಯಿ ಹೆಚ್ಚಿ ಬೀಜ ತೆಗೆಯಬೇಕು. ರಸ ಹಿಂಡಿ ಬೇರೆ ಇಡಬೇಕು. ಸಿಪ್ಪೆಯನ್ನು ಸಣ್ಣಗೆ ಹೋಳು ಮಾಡಿ, ಉಪ್ಪು ಹಾಕಿದ ನೀರಲ್ಲಿ ಒಂದು ಕುದಿ ಬರಿಸಿ, ಆ ನೀರನ್ನು ಚೆಲ್ಲಬೇಕು. ಚೆಲ್ಲಿದೆ. ನೀರಿನ ಒಂದು ಹನಿ ನಾಲಗೆಗೆ ಮುಟ್ಟಿಸಿಕೊಂಡಿದ್ದೆ. ಕಿವಿಯವರೆಗೆ ಕಹಿ ಏರಿತು.

"ಇನ್ನೊಂದ್ಸಲ ಕುದಿಸಿ ನೀರ್ ಚೆಲ್ಲೂಣೇನ್ರಿ ಆಂಟಿ?"

"ಎರಡ್ ಸಲ ಚೆಲ್ಲುದ್ರೆ ಅದು ಗೊಜ್ಜಲ್ಲ ಕಣಮ್ಮಿ, ಪೆಪ್ಪರ್‌ಮೆಂಟು."

ಆಮೇಲೆ ಹುಣಸೆಹಣ್ಣಿನ ರಸ. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಎಳ್ಳು ಎಲ್ಲವನ್ನೂ ಹುರಿದು ಕುಟ್ಟಿದ ಪುಡಿ. ಮೆಂತ್ಯವನ್ನು ಅವರು ನನ್ನ ಕೈಗೆ ಕೊಡಲಿಲ್ಲ, ಸ್ವತಃ ಹಾಕಿದರು. ಅಷ್ಟು ಮೆಂತ್ಯವನ್ನು ನಮ್ಮೂರಲ್ಲಿ ಎಮ್ಮೆಗೂ ತಿನ್ನಿಸುವುದಿಲ್ಲ! ಕೊನೆಗೆ ಬೆಲ್ಲ. ಅಚ್ಚನ್ನು ಕೈಗೆತ್ತಿಕೊಂಡು, ಒಡೆದು, ಒಂದು ಚೂರನ್ನು ಪಾತ್ರೆಗೆ ಹಾಕಿ ಉಳಿದದ್ದನ್ನು ಡಬ್ಬಿಗೆ ವಾಪಸ್ಸು ಇಟ್ಟರು. ನಾನು ಇನ್ನೂ ಡಬ್ಬಿಯ ಕಡೆಗೇ ನೋಡುತ್ತಿದ್ದೆ.

"ಏನ್ ನೋಡ್ತಿಯಾ? ಬೆಲ್ಲ ಕಹಿಗೆ ಒಸಿ ಸಮಾಧಾನ ಏಳೋಕೆ. ಬಾಯ್ ಮುಚ್ಚಿಸೋಕಲ್ಲ."

ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದಾಗ ಮಾತ್ರ ಇಡೀ ಬೀದಿಗೆ ಹಬ್ಬದ ಪರಿಮಳ ಬಂತು. ನಿಜ ಹೇಳಬೇಕು, ಆ ಪರಿಮಳಕ್ಕೆ ಯಾರಾದರೂ ಮೋಸ ಹೋಗುತ್ತಾರೆ. ಮರುದಿನ ನಾನೂ ಮೋಸ ಹೋದೆ. ಬಿಸಿ ಅನ್ನಕ್ಕೆ ಧಾರಾಳವಾಗಿ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ಹುಳಿ ಬಂತು, ಖಾರ ಬಂತು, ಸಿಹಿ ಒಂದು ಸಲ ಮುಖ ತೋರಿಸಿ ಓಡಿಹೋಯಿತು. ಆಮೇಲೆ ಬಂದ ಕಹಿ ಹೋಗಲೇ ಇಲ್ಲ. ಸಂಜೆ ಚಹಾ ಕುಡಿದರೆ ಚಹಾ ಕಹಿ. ಗಂಡ ಪ್ರೀತಿಯಿಂದ ಏನೋ ಮಾತಾಡಿದರೆ ಅದೂ ಕಹಿ!

ಬೀದರಿನ ಹುಡುಗ ನಮ್ಮೆಲ್ಲರಿಗಿಂತ ಧೈರ್ಯಶಾಲಿ. ಒಂದು ದಸರೆಗೆ ತನ್ನ ಪಾಲಿನ ಗೊಜ್ಜನ್ನು ಪ್ಲಾಸ್ಟಿಕ್ ಕವರಿಗೆ ಸುರಿದು, ಗಂಟು ಹಾಕಿ, ಕಸದ ಗಾಡಿಗೆ ಹಾಕಿಬಿಟ್ಟ. ಆದರೆ ನಮ್ಮ ಬೀದಿಯಲ್ಲಿ ಕಸದ ಗಾಡಿಯ ಮುಂದೆ ನಿಂತು ಹಸಿ ಕಸ, ಒಣ ಕಸ ಬೇರೆ ಮಾಡಿದ್ದಾರೋ ಇಲ್ಲವೋ ಎಂದು ತಪಾಸಣೆ ಮಾಡುವವರು ಯಾರು? ಓನರಮ್ಮನೇ! ಕವರನ್ನು ಬಿಚ್ಚಿ ನೋಡಿದರು. ಒಳಗೆ ಹೋಗಿ ಇನ್ನೊಂದು ಬಟ್ಟಲು ತುಂಬಿಸಿಕೊಂಡು, ಒಂದು ತಟ್ಟೆ ಅನ್ನದ ಸಮೇತ ಅವನ ಬಾಗಿಲಿಗೆ ಬಂದು ನಿಂತರು.

"ಕವರ್ ತೂತಿತ್ತೇನೋ, ಗೊಜ್ಜು ಬಿದ್ದೋಗೈತೆ ಕಣಪ್ಪ. ತಗಾ, ಉಣ್ಣು. ನಾನ್ ಇಲ್ಲೇ ಇರ್ತೀನಿ."

ಆ ಹುಡುಗ ಉಂಡ. ಉಣ್ಣುತ್ತಿರುವಾಗ ಅವನ ಮುಖದ ಮೇಲೆ ಹಾದುಹೋದದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ತಟ್ಟೆ ಖಾಲಿಯಾದ ಮೇಲೆ ಓನರಮ್ಮ, "ಪಾಪ, ಅಸಿದಿದ್ದ" ಎಂದು, ಕಸ ಹಾಕಲು ಇಳಿದು ಬಂದಿದ್ದ ನನ್ನ ಕಡೆ ತಿರುಗಿ ಹೇಳಿ ಹೋದರು.

ನನ್ನ ಗಂಡ ತಮ್ಮನ್ನು ತಾವು ಚಾಣಾಕ್ಷರೆಂದು ತಿಳಿದುಕೊಂಡವರು. ಕಸಕ್ಕೆ ಹಾಕಿದರೆ ತಾನೇ ಸಿಕ್ಕಿಬೀಳುವುದು? ಡಬ್ಬಿಗೆ ಹಾಕಿಕೊಂಡು ಶೆಡ್ಡಿಗೆ ಒಯ್ದರು. ಅಲ್ಲಿ ಇವರ ಸೂಪರ್‌ವೈಸರು ಮಾಗಡಿ ಕಡೆಯ ಮನುಷ್ಯ. ಒಂದು ಬೆರಳು ಅದ್ದಿ ನೆಕ್ಕಿ, ಕಣ್ಣು ಮುಚ್ಚಿ, "ನಮ್ಮಜ್ಜಿ ಮಾಡ್ತಿದ್ರು ಗುರೂ" ಎಂದು ಡಬ್ಬಿಯನ್ನೇ ಕಿತ್ತುಕೊಂಡರಂತೆ. ಅಂದಿನಿಂದ ಇವರಿಗೆ ಶೆಡ್ಡಿನಲ್ಲಿ ಮರ್ಯಾದೆ ಹೆಚ್ಚಿತು. ಖುಷಿಯಲ್ಲಿ ಬಂದು ಓನರಮ್ಮನ ಮುಂದೆ, "ನಮ್ಮ ಸೂಪರ್‌ವೈಸರ್ ಸಾಹೇಬ್ರು ಭಾಳ ಮೆಚ್ಚಿದ್ರು ನೋಡ್ರಿ" ಎಂದುಬಿಟ್ಟರು. ಪರಿಣಾಮ? ಮುಂದಿನ ಹಬ್ಬಕ್ಕೆ ನಮಗೆ ಬಟ್ಟಲಿನ ಬದಲು ಪಾತ್ರೆ ಬಂತು. ಆ ಹೊತ್ತಿಗೆ ಸೂಪರ್‌ವೈಸರು ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದರು!

ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ. ಆಗ ಎಲ್ಲವೂ ನಗುವಂಥದ್ದಾಗಿರಲಿಲ್ಲ. ತಲೆಗೆ ಸೀಗೆಪುಡಿ ಹಚ್ಚಿಕೊಂಡು ನಿಂತಾಗ ನೀರು ನಿಂತದ್ದುಂಟು. ಕೂಗಿದರೆ ಕೆಳಗಿನಿಂದ, "ಅಷ್ಟುದ್ದ ಕೂದ್ಲು ಯಾಕೆ ಬೇಕು, ಕತ್ತರಿಸ್ಕೋ" ಎಂಬ ಉತ್ತರ. ಒಮ್ಮೆ ನನಗೆ ಜ್ವರ ಬಂದು ಕೆಲಸಕ್ಕೆ ಹೋಗದೆ ಮಲಗಿದ್ದಾಗ, ಫ್ಯಾನು ಇಡೀ ದಿನ ತಿರುಗುತ್ತಿದೆ ಎಂದು ಬಾಗಿಲು ತಟ್ಟಿ ಎಬ್ಬಿಸಿ ಹೇಳಿದ್ದರು. ಮನೆ ಬಿಡೋಣ ಎಂದು ಗಂಡನ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ. "ಪೀಣ್ಯಕ್ಕ ನಡಕೊಂಡು ಹೋಗುವಷ್ಟು ಹತ್ತರ ಇಂಥಾ ಮನಿ ಎಲ್ಲಿ ಸಿಗತೈತಿ?" ಎಂದು ಅವರು ಕೇಳುತ್ತಿದ್ದರು. ಈ ಊರಿನಲ್ಲಿ ನಮ್ಮಂಥವರು ಸುಖ ನೋಡಿ ಮನೆ ಹಿಡಿಯುವುದಿಲ್ಲ, ದೂರ ನೋಡಿ ಹಿಡಿಯುತ್ತೇವೆ.

ಓನರಮ್ಮನಿಗೆ ಸರಿಜೋಡಿಯಾಗಿ ಒಬ್ಬ ಮನುಷ್ಯ ಸಿಕ್ಕಿದ್ದು ಒಮ್ಮೆ ಮಾತ್ರ. ಅವರು ನನ್ನ ಅಪ್ಪ.

ಅಪ್ಪ ಊರಿನಲ್ಲಿ ಟೇಲರ್. ಕಳೆದ ವರ್ಷ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗತೊಡಗಿ, ಕಣ್ಣು ತೋರಿಸಲು ನಮ್ಮಲ್ಲಿಗೆ ಬಂದರು. ಆಪರೇಶನ್ ಆಗಿ, ಹಸಿರು ಪಟ್ಟಿ ತೆಗೆದು, ಕಪ್ಪು ಕನ್ನಡಕ ಹಾಕಿಕೊಂಡು ದಸರೆ ಮುಗಿಯುವ ತನಕ ಇದ್ದರು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹೊತ್ತು ಹೋಗದೆ, ಬೆಳಗಿನ ಬಿಸಿಲಿಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೆಟ್ಟಿಲ ಮೇಲೆ! ಮೊದಲನೆಯ ದಿನವೇ ಓನರಮ್ಮ ಹಿಡಿದರು.

"ಯಜಮಾನ್ರೇ, ಮೆಟ್ಲು ಇರೋದು ಅತ್ತೋಕೆ, ಕೂರೋಕಲ್ಲ."

"ಹತ್ತಿ ದಣದೀನ್ರಿ ಅಕ್ಕಾರ. ಅದಕ್ಕ ಕುಂತೀನಿ."

"ದಣಿವಾದ್ರೆ ಮನೇಲಿ ಕೂರ್ಬೇಕು."

"ಮನ್ಯಾಗ ಕುಂತ್ರ ನಿಮ್ಮ ಮಾತು ಕೇಳಂಗಿಲ್ರಿ."

ಓನರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಬೀದರಿನ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದವನು ಕಿಟಕಿಯಿಂದ ಇದನ್ನು ನೋಡಿ, ನಿದ್ದೆ ಬಿಟ್ಟು ನಮಗೆ ಫೋನು ಮಾಡಿ ವರದಿ ಒಪ್ಪಿಸಿದ. ಆಮೇಲೆ ದಿನವೂ ಅವರಿಬ್ಬರ ಜಗಳ. ಮೆಟ್ಟಿಲ ಬಗ್ಗೆ, ನೀರಿನ ಬಗ್ಗೆ, ರೊಟ್ಟಿ ಹೆಚ್ಚೋ ಮುದ್ದೆ ಹೆಚ್ಚೋ ಎಂಬ ಬಗ್ಗೆ. ಒಂದು ದಿನ ಅಪ್ಪ ನೆಗಡಿಯಾಗಿ ಹೊರಗೆ ಬರಲಿಲ್ಲ. ಓನರಮ್ಮ ಮೇಲೆ ಬಂದು, "ಎಲ್ಲಿ ನಿಮ್ಮಪ್ಪ? ಮೆಟ್ಲು ಕಾಲಿ ಬಿದ್ದೈತೆ" ಎಂದು, ಅದೂ ಒಂದು ದೂರು ಎಂಬಂತೆ ಕೇಳಿ ಹೋದರು.

ಆಯುಧಪೂಜೆಯ ದಿನ ಗೊಜ್ಜು ಬಂತು. ಅಪ್ಪ ಊಟಕ್ಕೆ ಕೂತಿದ್ದರು. ಓನರಮ್ಮ ಬಟ್ಟಲು ಕೊಟ್ಟವರು ಹೋಗದೆ ಬಾಗಿಲಲ್ಲೇ ನಿಂತರು. ನಾನು ಅಪ್ಪನಿಗೆ ಕಣ್ಸನ್ನೆ ಮಾಡಿದೆ. ಕಪ್ಪು ಕನ್ನಡಕದೊಳಗಿನಿಂದ ಕಂಡಿತೋ ಇಲ್ಲವೋ.

"ಎಂಗೈತೆ ಯಜಮಾನ್ರೇ?"

ಅಪ್ಪ ಅಗಿದರು. ನುಂಗಿದರು. "ಕಹಿ ಐತ್ರಿ" ಅಂದರು.

ಆ ಬಿಲ್ಡಿಂಗು ಕಟ್ಟಿದಂದಿನಿಂದ ಯಾರೂ ಆಡದ ಮಾತು! ನನ್ನ ಗಂಡ ತುತ್ತನ್ನು ಕೈಯಲ್ಲೇ ಹಿಡಿದು ಕೂತರು.

"ಕಹಿನಾ?"

"ಭಾಳ ಕಹಿ ಐತ್ರಿ ಅಕ್ಕಾರ. ಇನ್ನೊಂದೀಟು ಹಾಕ್ರಿ."

ಓನರಮ್ಮನಿಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದು ಅಂದೇ. ನಕ್ಕರು! ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕುವ ಹಾಗೆ ನಕ್ಕು, ಬಟ್ಟಲನ್ನು ಪೂರ್ತಿ ಅಪ್ಪನ ತಟ್ಟೆಗೆ ಬಗ್ಗಿಸಿದರು.

ದಸರೆ ಮುಗಿಸಿ ಅಪ್ಪ ಊರಿಗೆ ಹೋದರು. ದೀಪಾವಳಿಗೆ ಮುಂಚೆ ಹೊಲಿಯುವವರ ಕೈಗೆ ಬಿಡುವಿರುವುದಿಲ್ಲ. ಹೊಸ ಕಣ್ಣು ಬಂದ ಉತ್ಸಾಹ ಬೇರೆ. ಒಂದು ಮಧ್ಯಾಹ್ನ ಮಷೀನಿನ ಮುಂದೆ ಕೂತವರು ಹಾಗೆಯೇ ಅದರ ಮೇಲೆ ಒರಗಿದರಂತೆ. ಅಣ್ಣ ಫೋನು ಮಾಡಿದಾಗ ನಾನು ಯೂನಿಟ್ಟಿನಲ್ಲಿ ಯಾರದೋ ಬಿಲ್ಲಿನ ತಪ್ಪು ತಿದ್ದುತ್ತಿದ್ದೆ. ತಿದ್ದಿ ಮುಗಿಸಿಯೇ ಎದ್ದೆ. ಏಕೆ ಹಾಗೆ ಮಾಡಿದೆನೋ ಈಗಲೂ ತಿಳಿಯದು.

ಊರಿಗೆ ಹೋಗಿ, ಮಣ್ಣು ಮಾಡಿ, ಕಾರ್ಯ ಮುಗಿಸಿ ಬಂದೆವು. ಗೇಟು ತೆಗೆದರೆ ಓನರಮ್ಮ ಪೈಪು ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು. ಒಂದು ಮಾತು ಆಡುತ್ತಾರೆ ಎಂದು ಕಾದೆ. "ನೀರ್ ಬಿಟ್ಟಿದೀನಿ. ಇಡ್ಕೋ ಓಗು" ಅಂದರು. ಅಷ್ಟೇ. ದಿನವೂ ಜಗಳವಾಡಿದ ಮನುಷ್ಯನ ಬಗ್ಗೆ ಒಂದು ಅಯ್ಯೋ ಕೂಡ ಇಲ್ಲ! ಮೆಟ್ಟಿಲು ಹತ್ತುವಾಗ ನನ್ನ ಬಾಯೆಲ್ಲ ಕಹಿಯಾಗಿತ್ತು. ಆ ದಿನ ಯಾವ ಗೊಜ್ಜನ್ನೂ ತಿಂದಿರಲಿಲ್ಲ.

ಮದುವೆಯಾದ ಹೆಣ್ಣಿಗೆ ಅಪ್ಪನ ಸಾವು ಎಷ್ಟು ದಿನ ಎಂದು ಯಾರು ಗೊತ್ತು ಮಾಡಿದರೋ! ನಮ್ಮ ಯೂನಿಟ್ಟಿನವರು ಕೊಡುವ ರಜೆಗಿಂತಲೂ ಕಡಿಮೆ. ಅಣ್ಣನ ಮನೆಗೆ ವರ್ಷವಿಡೀ ಹಬ್ಬವಿಲ್ಲ, ಅವನು ಮಗ. ಅದೇ ಅಪ್ಪನಿಗೆ ಹುಟ್ಟಿದ ನನಗೆ ಹಬ್ಬವಿದೆ! ದೀಪಾವಳಿ ಹತ್ತಿರ ಬಂದಾಗ ಅತ್ತೆ ಊರಿನಿಂದ ಫೋನು ಮಾಡಿದರು.

"ಆಗಿದ್ದಾತು. ನಿಮ್ಮಪ್ಪ ಹ್ವಾದದ್ದು ನಿನ್ನ ತವರಮನಿಗಿ. ನಮ್ಮ ಮನ್ಯಾಗ ಹಬ್ಬ ಬಿಡೂ ಹಂಗಿಲ್ಲ. ಪಾಡ್ಯಾಕ್ಕ ಹೋಳಿಗಿ ಮಾಡಿ ದೇವ್ರಿಗೆ ಎಡಿ ಹಿಡಿ. ವಿಡಿಯೋ ಕಾಲ್ ಮಾಡಿ ನನಗ ತೋರಸು."

"ಮನಸ್ಸಿಲ್ರಿ ಅತ್ತಿ."

"ಹಬ್ಬಕ್ಕ ಮನಸ್ಸು ಯಾರು ಕೇಳ್ಯಾರ?"

ಫೋನಿಟ್ಟ ಮೇಲೆ ಗಂಡನ ಕಡೆ ನೋಡಿದೆ. ಅವರು ಕೆಟ್ಟವರಲ್ಲ. ಆದರೆ ಅವ್ವನ ಮಾತು ಬಂದರೆ ಅವರ ಕಣ್ಣು ನೆಲದ ಟೈಲ್ಸಿನ ಗೆರೆ ಹಿಡಿದು ಹೋಗುತ್ತದೆ. "ನಾಕ ನಾಕು ಹೋಳಿಗಿ ಮಾಡಿಬಿಡು. ತೋರಿಸಿಬಿಡೂಣು" ಅಂದರು. ತೋರಿಸಿಬಿಡೋಣ! ಯೂನಿಟ್ಟಿನಲ್ಲಿ ದೀಪಾವಳಿ ಸ್ವೀಟ್ ಬಾಕ್ಸು ಕೊಟ್ಟಾಗಲೂ, "ನೀವು ತಗೋಬಹುದಾ ಮೇಡಂ? ಓ, ನಿಮಗೆ ಪರವಾಗಿಲ್ಲ ಅಲ್ವಾ, ಮದುವೆ ಆಗಿದೆಯಲ್ಲ" ಎಂದು ಕೈಗಿಟ್ಟಿದ್ದರು. ಎಲ್ಲರಿಗೂ ಲೆಕ್ಕ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಆ ಬಾಕ್ಸನ್ನು ಪೀಣ್ಯದ ಬಸ್ ಸ್ಟಾಪಿನಲ್ಲಿ ಯಾರಿಗೋ ಕೊಟ್ಟು ಬಂದೆ.

ಪಾಡ್ಯದ ದಿನ ಬೆಳಿಗ್ಗೆ ಕಡಲೆಬೇಳೆ ಬೇಯಿಸಿದೆ. ನೀರು ಬಸಿದೆ. ಬೆಲ್ಲ ಹಾಕಿ ಒಲೆಯ ಮೇಲಿಟ್ಟು ತಿರುವುತ್ತ ನಿಂತೆ. ಹೊರಗೆ ಪಟಾಕಿ. ಗಂಡ ದೇವರ ಮುಂದೆ ಫೋನನ್ನು ಯಾವ ಕೋನದಲ್ಲಿ ನಿಲ್ಲಿಸಿದರೆ ಎಡೆ ಚೆನ್ನಾಗಿ ಕಾಣುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದರು. ಬೆಲ್ಲ ಕರಗಿ ಹೂರಣದ ಘಮ ಎದ್ದಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಅಷ್ಟರಲ್ಲಿ ಬಾಗಿಲು ತಟ್ಟುವ ಸದ್ದು. ಕೇಳಬೇಕೇ? ಹಬ್ಬದ ದಿನ, ಬಟ್ಟಲು ಬಂದಿತ್ತು.

ಓನರಮ್ಮ ನೇರವಾಗಿ ಅಡುಗೆಮನೆಗೇ ಬಂದರು. ಒಲೆಯ ಕಡೆ ನೋಡಿದರು.

"ಏನಮ್ಮಿ ಇದು?"

"ಹೂರಣ, ಆಂಟಿ. ಹೋಳಿಗಿಗೆ."

"ಯಾರ್ ಏಳಿದ್ದು ಮಾಡು ಅಂತ?"

"ನಮ್ಮತ್ತಿ. ನಮಗ ಸೂತಕ ಮುಗದೈತಂತ. ಮನಿಗಿ ಹಬ್ಬ ಐತಂತ."

"ಮನೇಗೈತೆ. ನಿಂಗೈತಾ?"

ಅಷ್ಟು ದಿನಗಳಲ್ಲಿ ಈ ಪ್ರಶ್ನೆಯನ್ನು ನನಗೆ ಒಬ್ಬರೂ ಕೇಳಿರಲಿಲ್ಲ. ನಾನು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನಾಗುತ್ತದೋ ಎಂಬ ಭಯ. ಓನರಮ್ಮ ಕೈ ಚಾಚಿ ಸ್ಟೌ ಆರಿಸಿದರು. ನನ್ನ ಕೈಯಿಂದ ಸೌಟು ತೆಗೆದು ಸಿಂಕಿನಲ್ಲಿಟ್ಟರು.

"ನಮ್ಮವ್ವ ಸತ್ತ ವರ್ಸ ನಾನು ಕಜ್ಜಾಯ ತಟ್ಟಿದ್ದೆ" ಅಂದರು. "ಇಂಗೇ ದೀಪಾವಳೀಲಿ. ಅಳ್ತಾ ತಟ್ಟುದ್ರೆ ಅಪಸಕುನ ಅಂತ ನಮ್ಮತ್ತೆ ಇಂದ್ಗಡೇನೇ ನಿಂತಿದ್ಲು. ನಮ್ಮನೆಯೋರು ತಿಂದು, ಚೆನ್ನಾಗೈತೆ ಅಂದ್ರು. ನೀನು ತಟ್ಟಬ್ಯಾಡ."

ಗಂಡ ಬಾಗಿಲಿಗೆ ಬಂದು ನಿಂತಿದ್ದರು. "ಆಂಟಿ, ನಮ್ಮವ್ವ ಈಗ ಫೋನ್ ಮಾಡ್ತಾಳ್ರಿ..."

"ಮಾಡ್ಲಿ. ಈ ಬಿಲ್ಡಿಂಗ್ನಾಗೆ ಈ ಸಲ ದೀಪಾವಳಿ ಇಲ್ಲ ಅನ್ನು. ಓನರ್ ರೂಲ್ಸು ಅನ್ನು. ನಂಬ್ಲಿಲ್ಲ ಅಂದ್ರೆ ಫೋನು ನಂಗೆ ಕೊಡು, ನಾನ್ ಏಳ್ತೀನಿ."

ನಮ್ಮ ಅತ್ತೆ ಆ ತುದಿಯಲ್ಲಿ, ಓನರಮ್ಮ ಈ ತುದಿಯಲ್ಲಿ! ಆ ದೃಶ್ಯ ನನ್ನ ಗಂಡನ ಕಣ್ಣ ಮುಂದೆಯೂ ಹಾದುಹೋಗಿರಬೇಕು. ಬೆವರು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು, ಬಹಳ ದಿನಗಳ ಮೇಲೆ ಸರಿಯಾಗಿ ನೋಡಿದರು. ದೇವರ ಮುಂದಿನ ಫೋನನ್ನು ತಾವೇ ಎತ್ತಿಕೊಂಡು ಹೊರಗೆ ಮೆಟ್ಟಿಲ ಕಡೆ ಹೋದರು. "ಯವ್ವಾ, ಈ ವರ್ಸ ಬ್ಯಾಡ... ಇಲ್ಲ, ಆಕಿ ಅಲ್ಲ, ನಾನ ಹೇಳಾಕತ್ತೀನಿ" ಎನ್ನುವುದು ಕೇಳಿಸಿತು.

ಓನರಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ನನ್ನನ್ನೂ ಕೈ ಹಿಡಿದು ಕೂರಿಸಿದರು. ತಟ್ಟೆಗೆ ಅನ್ನ ಹಾಕಿ, ಬಟ್ಟಲಿನ ಗೊಜ್ಜು ಬಗ್ಗಿಸಿದರು.

"ಬೆಲ್ಲ ಆಕಿಲ್ಲ ಕಣಮ್ಮಿ. ಬೆಲ್ಲ ಬಿದ್ರೆ ಅಬ್ಬದಡುಗೆ ಆಯ್ತದೆ. ಇದು ಬರೀ ಕಾಯಿ, ಉಳಿ, ಉಪ್ಪು. ಇದನ್ನ ಉಣ್ಣಬೌದು."

"ಕೆಳಗ... ನಿಮ್ಮನ್ಯಾಗ?"

"ನಮ್ಮನೇಲೂ ಇದೇ. ಬೇರೆ ಏನೂ ಮಾಡಿಲ್ಲ. ಯಜಮಾನ್ರು ಮುಖ ಕಿವುಚ್ಕೊಂಡು ಉಣ್ತವ್ರೆ."

ಒಂದು ತುತ್ತು ಬಾಯಿಗಿಟ್ಟೆ. ಹೇಗಿತ್ತು ಎಂದು ಹೇಳಲೇಬೇಕೇ? ಮನುಷ್ಯರು ತಿನ್ನುವಂಥದ್ದಲ್ಲ. ನಾಲಗೆ ಬಿಟ್ಟು ಗಂಟಲಿಗಿಳಿಯಿತು, ಗಂಟಲು ಬಿಟ್ಟು ಎದೆಗಿಳಿಯಿತು. ಮಣ್ಣು ಮಾಡುವಾಗ, ಕಾರ್ಯದ ದಿನ, ಬಸ್ಸಿನಲ್ಲಿ ಬರುವಾಗ, ಎಲ್ಲಿಯೂ ಬಾರದ ಅಳು ಆ ತುತ್ತಿನ ಜೊತೆ ಬಂತು. ಬಾಯಲ್ಲಿ ಅನ್ನ ಇಟ್ಟುಕೊಂಡೇ, ಮಕ್ಕಳು ಅಳುವ ಹಾಗೆ ದನಿ ತೆಗೆದು ಅತ್ತೆ. ಹಬ್ಬದ ದಿನ, ಹಾಡಹಗಲು.

ಕೆಳಗಿನಿಂದ ಯಾರೋ, "ಏನಾಯ್ತು?" ಎಂದು ಕೇಳುತ್ತ ಮೆಟ್ಟಿಲು ಹತ್ತಿ ಬಂದ ಸದ್ದಾಯಿತು. ಓನರಮ್ಮ ಎದ್ದುಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿದರು. ಅದಕ್ಕೆ ಚಿಲಕವಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲಕ್ಕೆ ಕೂತರು.

"ನೀನ್ ಅಳು" ಅಂದರು. "ನಾನ್ ಯಾರನ್ನೂ ಒಳಕ್ ಬಿಡಲ್ಲ."